ಸ್ಮಾರ್ಟ್‌ಫೋನಿನಲ್ಲಿ ಕಾಣುವ ಅಪಾಯಸೂಚನೆಗಳು: ಅವುಗಳ ನಿಜ ಹುಸಿಗಳನ್ನು ಪರೀಕ್ಷಿಸುವ ಕ್ರಮ

ಭತ್ತದ ಪೈರಿನ ಎಲೆ ಹಳದಿಯಾದುದನ್ನು ಕಂಡೊಡನೆ ಔಷಧಿ ಸಿಂಪಡಿಸಲು ಹೊರಡುವ ರೈತನು ಅನೇಕ ವೇಳೆ ಹಣವನ್ನೂ ಶ್ರಮವನ್ನೂ ವ್ಯರ್ಥಮಾಡಿಕೊಳ್ಳುವನು. ಕೆಳಗಿನ ಹಳೆಯ ಎಲೆಗಳು ಮೊದಲು ಒಂದೇ ಸಮನಾಗಿ ಹಳದಿಯಾಗುತ್ತ ಬಂದರೆ ಅದು ಸಾಮಾನ್ಯವಾಗಿ ಸಾರಜನಕದ ಕೊರತೆಯ ಲಕ್ಷಣವು. ನಡುವೆ ಬೂದುಬಣ್ಣವೂ ಅಂಚಿನಲ್ಲಿ ಕಂದುಬಣ್ಣವೂ ಉಳ್ಳ, ಎರಡು ತುದಿಗಳಲ್ಲಿಯೂ ಚೂಪಾದ ಮಚ್ಚೆಗಳು ಎಲೆಯ ಮೇಲೆ ಎದ್ದಿದ್ದರೆ ಅದು ಬೆಂಕಿರೋಗದ ಲಕ್ಷಣವು. ಮೊದಲನೆಯದಕ್ಕೆ ಸಾರಜನಕದ ಗೊಬ್ಬರವೇ ಮದ್ದು; ಎರಡನೆಯದಕ್ಕೆ ಅದೇ ಗೊಬ್ಬರವನ್ನು ಹೆಚ್ಚಾಗಿ ಹಾಕಿದರೆ ರೋಗವು ಉಲ್ಬಣಿಸುವುದು. ಆದುದರಿಂದ ಲಕ್ಷಣವನ್ನು ಕಾಣುವುದು ಬೇರೆ, ಅದರ ಕಾರಣವನ್ನು ತಿಳಿಯುವುದು ಬೇರೆ ಎಂಬುದು ಅನುಭವಸ್ಥರಾದ ಬೇಸಾಯಗಾರರೆಲ್ಲರಿಗೂ ವಿದಿತವಾಗಿಯೇ ಇದೆ.

ಇದೇ ವಿವೇಕವು ಈಗ ರೈತರ ಜೇಬಿನಲ್ಲಿರುವ ಸ್ಮಾರ್ಟ್‌ಫೋನಿನ ವಿಷಯದಲ್ಲಿಯೂ ಅವಶ್ಯಕವಾಗಿದೆ. ‘ನಿಮ್ಮ ಫೋನಿಗೆ ವೈರಸ್ ತಗಲಿದೆ’, ‘ಈ ಆ್ಯಪ್ ಹಾನಿಕಾರಕವಾದುದು’, ‘ನಿಮ್ಮ ಖಾತೆಯನ್ನು ಬೇರೆ ಯಾರೋ ತೆರೆದಿದ್ದಾರೆ’ ಎಂಬಂಥ ಸೂಚನೆಗಳು ಒಮ್ಮಿಂದೊಮ್ಮೆಗೆ ಪರದೆಯ ಮೇಲೆ ಏಳುವುವು. ಇವುಗಳಲ್ಲಿ ಕೆಲವು ನಿಜ, ಕೆಲವು ಹುಸಿ. ಮತ್ತೆ ಕೆಲವು ಸ್ವತಃ ಕಳ್ಳರೇ ಒಡ್ಡಿದ ಬಲೆ. ಇವನ್ನು ಬೇರ್ಪಡಿಸಿ ನೋಡುವ ಕ್ರಮವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅರಿತಿರುವುದು ಯುಕ್ತವೆಂದು ಈ ಲೇಖನದಲ್ಲಿ ವಿವರಿಸಿದೆ. ಇಲ್ಲಿ ಹೇಳಿರುವ ಕ್ರಮಗಳು ಹೆಚ್ಚಾಗಿ ಬಳಕೆಯಲ್ಲಿರುವ ಆಂಡ್ರಾಯ್ಡ್ ಫೋನುಗಳಿಗೆ ಅನ್ವಯಿಸುವುವು. ಫೋನಿನ ತಯಾರಿಕೆಯನ್ನನುಸರಿಸಿ ಪದಗಳೂ ಸ್ಥಾನಗಳೂ ಸ್ವಲ್ಪ ವ್ಯತ್ಯಾಸವಾಗಬಹುದು.

ವಿಷಯದ ಪ್ರಾಮುಖ್ಯ

ಹಿಂದೆ ಫೋನು ಮಾತನಾಡುವ ಸಾಧನ ಮಾತ್ರವಾಗಿತ್ತು. ಈಗ ಅದು ರೈತನ ಪೆಟ್ಟಿಗೆಯ ಬೀಗದ ಕೈಯೂ ಆಗಿದೆ. 2019ರಲ್ಲಿ ಪ್ರಾರಂಭವಾದ ಪಿಎಂ ಕಿಸಾನ್ ಯೋಜನೆಯ ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಬರುವುದು. ಕರ್ನಾಟಕದಲ್ಲಿ 2020ರ ಮುಂಗಾರಿನಲ್ಲಿ ರೈತರೇ ತಮ್ಮ ಹೊಲದ ಬೆಳೆಯ ವಿವರವನ್ನು ಛಾಯಾಚಿತ್ರಸಮೇತ ಮೊಬೈಲ್ ಆ್ಯಪಿನ ಮೂಲಕ ದಾಖಲುಮಾಡುವ ಏರ್ಪಾಡು ಬಂದಿತು. ಬ್ಯಾಂಕಿನವರು ಕಳುಹಿಸುವ ಒಟಿಪಿ ಸಂಖ್ಯೆಯು ಬರುವುದೂ ಅದೇ ಫೋನಿಗೆ. ಹೀಗಿರುವಲ್ಲಿ ಫೋನು ಪರರ ವಶವಾದರೆ ವರ್ಷದ ದುಡಿಮೆಯ ಹಣವೇ ಪರರ ವಶವಾದಂತೆ.

ಇನ್ನೊಂದು ಕಡೆ, ಹುಸಿ ಸೂಚನೆಗೆ ಹೆದರಿ ಅವಶ್ಯವಾದ ಆ್ಯಪನ್ನು ತೆಗೆದುಹಾಕುವುದರಿಂದಲೂ, ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡುವುದರಿಂದಲೂ ನಷ್ಟವುಂಟು. ಬೆಳೆ ಸಮೀಕ್ಷೆಯ ಅವಧಿಯಲ್ಲಿ ಹೀಗಾದರೆ ದಾಖಲೆ ತಪ್ಪಿಹೋಗಬಹುದು. ಲೆಕ್ಕಪತ್ರಗಳ ಛಾಯಾಚಿತ್ರಗಳೂ, ವ್ಯಾಪಾರಿಗಳ ನಂಬರುಗಳೂ ಕಳೆದುಹೋಗಬಹುದು. ಆದಕಾರಣ ಸೂಚನೆಯನ್ನು ಅಲಕ್ಷಿಸುವುದೂ ಸರಿಯಲ್ಲ. ಕಣ್ಣುಮುಚ್ಚಿ ಪಾಲಿಸುವುದೂ ಸರಿಯಲ್ಲ. ಪರೀಕ್ಷಿಸುವುದೊಂದೇ ಸರಿಯಾದ ಮಾರ್ಗವು.

ಸೂಚನೆಗಳ ಮೂರು ವರ್ಗಗಳು

ಫೋನಿನಲ್ಲಿ ಕಾಣುವ ಅಪಾಯಸೂಚನೆಗಳನ್ನು ಮೂರು ವರ್ಗವಾಗಿ ವಿಂಗಡಿಸಬಹುದು.

ಮೊದಲನೆಯದು ನಿಜವಾದ ಸೂಚನೆ. ಫೋನಿನ ಕಾವಲು ವ್ಯವಸ್ಥೆಯು ನಿಜವಾಗಿಯೂ ಹಾನಿಕಾರಕವಾದ ಆ್ಯಪನ್ನು ಕಂಡುಹಿಡಿದು ತಿಳಿಸುವುದು ಈ ವರ್ಗಕ್ಕೆ ಸೇರಿದೆ. ಆಂಡ್ರಾಯ್ಡ್ ಫೋನುಗಳಲ್ಲಿ 2017ರಿಂದ ‘ಪ್ಲೇ ಪ್ರೊಟೆಕ್ಟ್’ ಎಂಬ ಹೆಸರಿನ ಕಾವಲು ವ್ಯವಸ್ಥೆಯಿದೆ. ಅದು ಫೋನಿನಲ್ಲಿರುವ ಆ್ಯಪುಗಳನ್ನು ಆಗಾಗ ತಾನಾಗಿಯೇ ಶೋಧಿಸುತ್ತಿರುವುದು.

ಎರಡನೆಯದು ಹುಸಿ ಸೂಚನೆ. ಇಲ್ಲಿ ಕಾವಲುಗಾರನು ಪ್ರಾಮಾಣಿಕನೇ. ಆದರೆ ಅವನಿಗೆ ಗುರುತು ತಪ್ಪಿರುವುದು. ನಿರ್ದೋಷಿಯನ್ನು ಕಳ್ಳನೆಂದು ಕೂಗಿಕೊಂಡಿರುವನು.

ಮೂರನೆಯದು ಕಪಟ ಸೂಚನೆ. ಇಲ್ಲಿ ಕೂಗುವವನೇ ಕಳ್ಳನು. ‘ಮನೆಗೆ ಬೆಂಕಿ ಬಿದ್ದಿದೆ, ಬಾಗಿಲು ತೆರೆಯಿರಿ’ ಎಂದು ಕೂಗಿ, ಗಾಬರಿಯಿಂದ ಬಾಗಿಲು ತೆಗೆದವನ ಮನೆಯೊಳಕ್ಕೆ ನುಗ್ಗುವುದು ಇವನ ತಂತ್ರವು.

ಈ ಮೂರನ್ನೂ ಸೂಚನೆಯ ಬಣ್ಣದಿಂದಾಗಲಿ, ಶಬ್ದದಿಂದಾಗಲಿ, ಅದರಲ್ಲಿರುವ ಚಿತ್ರದಿಂದಾಗಲಿ ಬೇರ್ಪಡಿಸಲಾಗುವುದಿಲ್ಲ. ಕೆಂಪು ಅಕ್ಷರವನ್ನು ಯಾರು ಬೇಕಾದರೂ ಬರೆಯಬಹುದು. ಶಬ್ದದ ವಿಷಯವಾಗಿ 2023ರಲ್ಲಿ ನಡೆದುದನ್ನು ನೆನೆಯಬಹುದು. ಆ ವರ್ಷ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯವರು ವಿಪತ್ತಿನ ಕಾಲದಲ್ಲಿ ಜನರನ್ನು ಎಚ್ಚರಿಸುವ ಏರ್ಪಾಡನ್ನು ದೇಶದ ಅನೇಕ ಕಡೆಗಳಲ್ಲಿ ಪರೀಕ್ಷಿಸಿದಾಗ, ಫೋನುಗಳು ಗಟ್ಟಿಯಾಗಿ ಅರಚಿಕೊಂಡುವು. ಅನೇಕರು ಗಾಬರಿಗೊಂಡರು. ಆದರೆ ಇದು ಕೇವಲ ಪರೀಕ್ಷೆಯೆಂದು ಸಂದೇಶದಲ್ಲಿಯೇ ಬರೆದಿತ್ತು. ಓದಿದವರು ನಿಶ್ಚಿಂತರಾದರು, ಶಬ್ದವನ್ನಷ್ಟೇ ಕೇಳಿದವರು ಕಳವಳಪಟ್ಟರು.

ಹುಸಿ ಸೂಚನೆಗಳು ಹುಟ್ಟುವ ಕಾರಣ

ವೈರಸ್ ಶೋಧಕವು ಮುಖ್ಯವಾಗಿ ಎರಡು ರೀತಿಯಿಂದ ಕೆಲಸಮಾಡುವುದು. ಹಿಂದೆ ಸಿಕ್ಕಿಬಿದ್ದ ಹಾನಿಕಾರಕ ಆ್ಯಪುಗಳ ಗುರುತುಗಳನ್ನು ಪಟ್ಟಿಮಾಡಿಟ್ಟುಕೊಂಡು ಪ್ರತಿಯೊಂದನ್ನೂ ಅದಕ್ಕೆ ಹೋಲಿಸಿ ನೋಡುವುದು ಒಂದು ರೀತಿ. ಆ್ಯಪಿನ ನಡತೆಯನ್ನು ಗಮನಿಸಿ, ಅದು ಕಳ್ಳನ ನಡತೆಯಂತೆ ಕಂಡರೆ ಸಂಶಯಪಡುವುದು ಇನ್ನೊಂದು ರೀತಿ. ‘ರಾತ್ರಿ ಕಂಬಳಿ ಹೊದ್ದು ಕಣದ ಸುತ್ತ ಸುಳಿದಾಡಿದವನು ಕಳ್ಳನು’ ಎಂದು ಗುರುತು ಕೊಟ್ಟರೆ, ಕಣವನ್ನು ಕಾಯುವ ಆಳೂ ಆ ಗುರುತಿನೊಳಗೆ ಸಿಕ್ಕಿಬೀಳುವನು. ಹುಸಿ ಸೂಚನೆಗಳು ಹುಟ್ಟುವುದು ಹೀಗೆಯೇ.

ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು. 2023ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಹುವಾವೇ, ಆನರ್, ವಿವೋ ತಯಾರಿಕೆಯ ಕೆಲವು ಫೋನುಗಳಲ್ಲಿ ‘ಗೂಗಲ್’ ಎಂಬ ಆ್ಯಪೇ ಹಾನಿಕಾರಕವೆಂದು ಸೂಚನೆ ಕಾಣಿಸಿಕೊಂಡಿತು. ಅದು ‘ಟ್ರೋಜನ್ ಎಸ್ಎಂಎಸ್’ ಎಂಬ ಜಾತಿಗೆ ಸೇರಿದುದೆಂದೂ, ಗುಟ್ಟಾಗಿ ಸಂದೇಶಗಳನ್ನು ಕಳುಹಿಸುವುದೆಂದೂ, ಕೂಡಲೇ ತೆಗೆದುಹಾಕುವುದು ಲೇಸೆಂದೂ ಆ ಸೂಚನೆಯಲ್ಲಿತ್ತು. ಗೂಗಲ್ ಸಂಸ್ಥೆಯವರು ಈ ಸೂಚನೆಯು ತಮ್ಮ ಪ್ಲೇ ಪ್ರೊಟೆಕ್ಟಿನಿಂದ ಬಂದುದಲ್ಲವೆಂದು ತಿಳಿಸಿದರು. ಅನಂತರ ವೈರಸ್ ಶೋಧಕಗಳನ್ನು ತಯಾರಿಸುವ ಅವಾಸ್ಟ್ ಕಂಪನಿಯವರು, ಆ ಫೋನುಗಳಲ್ಲಿ ಸೇರಿಸಿದ್ದ ತಮ್ಮ ಶೋಧಕದಿಂದಲೇ ಈ ತಪ್ಪು ನಡೆಯಿತೆಂದು ಒಪ್ಪಿಕೊಂಡರು. ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿದರು.

ಈ ನಿದರ್ಶನದಲ್ಲಿ ಹುಸಿಯ ಗುರುತುಗಳು ಸ್ಪಷ್ಟವಾಗಿದ್ದುವು. ದೂರಿಗೆ ಒಳಗಾದ ಆ್ಯಪನ್ನು ಯಾರೂ ಹೊಸದಾಗಿ ತಂದುಹಾಕಿದ್ದಲ್ಲ. ಒಂದೇ ದಿನ ಅನೇಕ ಜನರ ಫೋನುಗಳಲ್ಲಿ ಒಂದೇ ಮಾತಿನ ಸೂಚನೆ ಬಂದಿತ್ತು. ಬೇರೊಂದು ಶೋಧಕವು ಅದನ್ನು ದೂರಲಿಲ್ಲ. ಈ ಮೂರು ಅಂಶಗಳನ್ನು ಓದುಗರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಇದರಿಂದ ಸೂಚನೆಗಳೆಲ್ಲ ಹುಸಿಯೆಂದು ಭಾವಿಸತಕ್ಕದ್ದಲ್ಲ. ಆಪಲ್ ಕಂಪನಿಯವರು 2021ರಿಂದ ತಮ್ಮ ಫೋನನ್ನು ಬಳಸುವವರಲ್ಲಿ ಕೆಲವರಿಗೆ, ಬಲಿಷ್ಠರಾದ ದಾಳಿಕಾರರು ಅವರ ಫೋನಿನ ಮೇಲೆ ಕಣ್ಣಿಟ್ಟಿರಬಹುದೆಂದು ಎಚ್ಚರಿಕೆ ಕಳುಹಿಸುತ್ತ ಬಂದಿದ್ದಾರೆ. 2023ರಲ್ಲಿ ಭಾರತದಲ್ಲಿ ಹಲವರಿಗೆ ಇಂಥ ಎಚ್ಚರಿಕೆಗಳು ಬಂದಾಗ, ಇವುಗಳಲ್ಲಿ ಕೆಲವು ಹುಸಿಯಾಗಿರಬಹುದೆಂದೂ, ಕೆಲವು ದಾಳಿಗಳು ಪತ್ತೆಯಾಗದೆಯೇ ಹೋಗಬಹುದೆಂದೂ ಕಂಪನಿಯವರು ಹೇಳಿದರು. ಕಾವಲುಗಾರನು ಒಮ್ಮೊಮ್ಮೆ ಸುಮ್ಮನೆ ಕೂಗುವನು; ಒಮ್ಮೊಮ್ಮೆ ಕೂಗಬೇಕಾದಾಗ ಕೂಗದೆಯೂ ಇರುವನು. ಈ ಎರಡು ಮಾತುಗಳನ್ನೂ ಜೊತೆಯಾಗಿಯೇ ನೆನಪಿಡತಕ್ಕದ್ದು.

ಪರೀಕ್ಷೆಯ ಕ್ರಮ

ಸೂಚನೆ ಕಂಡಾಗ ಅನುಸರಿಸಬೇಕಾದ ಕ್ರಮವು ಹೀಗಿದೆ.

1. ಕೈಯನ್ನು ತಡೆಯುವುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಿದೆ. ಸೂಚನೆಯೊಳಗಿರುವ ಯಾವ ಗುಂಡಿಯನ್ನೂ ಒತ್ತಕೂಡದು. ಜಾಲತಾಣದ ಪುಟದಲ್ಲಿ ಎದ್ದ ಸೂಚನೆಯಾದರೆ ‘ರದ್ದುಮಾಡಿ’ ಎಂಬ ಗುಂಡಿಯೂ ಬಲೆಯಾಗಿರಬಹುದು. ಅಲ್ಲಿ ಕೊಟ್ಟಿರುವ ನಂಬರಿಗೆ ಫೋನು ಮಾಡಕೂಡದು. ಸೂಚನೆಯ ಮಾತುಗಳನ್ನು ಇದ್ದಂತೆಯೇ ಕಾಗದದಲ್ಲಿ ಬರೆದುಕೊಂಡು, ಅಥವಾ ಪರದೆಯ ಚಿತ್ರವನ್ನು ತೆಗೆದುಕೊಂಡು, ಫೋನಿನ ಮೊದಲ ಪುಟಕ್ಕೆ ಹಿಂದಿರುಗತಕ್ಕದ್ದು.

2. ಹೇಳಿದವರು ಯಾರೆಂಬುದನ್ನು ತಿಳಿಯುವುದು. ಇದೇ ಪರೀಕ್ಷೆಯ ಮುಖ್ಯ ಭಾಗವು. ಪರದೆಯ ಮೇಲಿನಿಂದ ಇಳಿಯುವ ನೋಟಿಫಿಕೇಷನ್ ಆಗಿದ್ದರೆ ಅದರ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿಹಿಡಿದರೆ ಯಾವ ಆ್ಯಪಿನಿಂದ ಬಂದಿತೆಂಬುದು ಕಾಣುವುದು. ಕ್ರೋಮ್ ಮೊದಲಾದ ಬ್ರೌಸರಿನಿಂದ ಬಂದಿದ್ದರೆ ಅದು ಫೋನಿನ ಮಾತಲ್ಲ; ಯಾವುದೋ ಜಾಲತಾಣದ ಮಾತು. ಸಂದೇಶ ಅಥವಾ ವಾಟ್ಸ್‌ಆ್ಯಪಿನಲ್ಲಿ ಬಂದಿದ್ದರೆ ಅದು ಕಳುಹಿಸಿದವನ ಮಾತು.

3. ಇತ್ತೀಚೆಗೆ ಸೇರಿದುದು ಏನೆಂಬುದನ್ನು ನೋಡುವುದು. ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪುಗಳ ಪಟ್ಟಿಯನ್ನು ತೆಗೆದು, ಕಳೆದ ಹತ್ತು ಹದಿನೈದು ದಿನಗಳಲ್ಲಿ ಹೊಸದಾಗಿ ಸೇರಿದ ಆ್ಯಪು ಯಾವುದು, ಅದನ್ನು ಯಾರು ಹಾಕಿದರು, ಎಲ್ಲಿಂದ ತಂದರು ಎಂಬುದನ್ನು ಮನೆಯವರೆಲ್ಲರನ್ನೂ ಕೇಳಿ ತಿಳಿಯತಕ್ಕದ್ದು. ಮಕ್ಕಳು ಆಟಕ್ಕಾಗಿ ಹಾಕಿಕೊಂಡುದೂ ಇರಬಹುದು. ಪ್ಲೇ ಸ್ಟೋರಿನಿಂದ ಬಾರದೆ, ವಾಟ್ಸ್‌ಆ್ಯಪಿನ ಮೂಲಕ ‘ಎಪಿಕೆ’ ಕಡತವಾಗಿ ಬಂದ ಆ್ಯಪು ಇದ್ದರೆ ಸಂಶಯವು ಬಲವಾಗತಕ್ಕದ್ದು.

4. ಸ್ವಂತ ಬಾಗಿಲಿನಿಂದ ಹೋಗಿ ಎರಡನೆಯ ಶೋಧನೆ ಮಾಡಿಸುವುದು. ಸೂಚನೆಯು ತೋರಿಸಿದ ದಾರಿಯಲ್ಲಿ ಹೋಗದೆ, ಪ್ಲೇ ಸ್ಟೋರನ್ನು ತಾವೇ ತೆರೆದು, ಮೇಲುಗಡೆ ಬಲಮೂಲೆಯಲ್ಲಿರುವ ತಮ್ಮ ಗುರುತಿನ ಚಿತ್ರವನ್ನು ಒತ್ತಿ, ಪ್ಲೇ ಪ್ರೊಟೆಕ್ಟ್ ಎಂಬುದನ್ನು ಆರಿಸಿ ‘ಸ್ಕ್ಯಾನ್’ ಮಾಡಿಸತಕ್ಕದ್ದು.

5. ಆ್ಯಪಿಗೆ ಕೊಟ್ಟಿರುವ ಅನುಮತಿಗಳನ್ನು ನೋಡುವುದು. ಆಳಿಗೆ ಹೊಲದ ಗೇಟಿನ ಬೀಗದ ಕೈ ಕೊಡುವುದು ಸಹಜ. ಹಣದ ಪೆಟ್ಟಿಗೆಯ ಕೈ ಕೊಡುವುದು ಸಹಜವಲ್ಲ. ಬೆಳೆಯ ಚಿತ್ರ ತೆಗೆದು ಹೊಲದ ಸ್ಥಳವನ್ನು ದಾಖಲಿಸುವ ಆ್ಯಪು ಕ್ಯಾಮೆರಾವನ್ನೂ ಲೊಕೇಷನ್ನನ್ನೂ ಕೇಳಿದರೆ ಅದು ಕೆಲಸಕ್ಕೆ ತಕ್ಕುದೇ. ಬರೀ ಹವಾಮಾನವನ್ನೋ ಪಂಚಾಂಗವನ್ನೋ ತೋರಿಸುವ ಆ್ಯಪು ಎಸ್ಎಂಎಸ್ ಸಂದೇಶಗಳನ್ನು ಓದುವ ಅನುಮತಿಯನ್ನೂ, ಪರದೆಯ ಮೇಲೆ ನಡೆಯುವುದನ್ನೆಲ್ಲ ನೋಡಿ ಗುಂಡಿಗಳನ್ನು ತಾನೇ ಒತ್ತಬಲ್ಲ ‘ಆಕ್ಸೆಸಿಬಿಲಿಟಿ’ ಎಂಬ ಅಧಿಕಾರವನ್ನೂ ಕೇಳಿದರೆ ಸೂಚನೆ ನಿಜವೆಂದೇ ತಿಳಿದು ನಡೆಯತಕ್ಕದ್ದು.

6. ಸೇಫ್ ಮೋಡಿನಲ್ಲಿ ನೋಡುವುದು. ಫೋನನ್ನು ನಿಲ್ಲಿಸುವ ‘ಪವರ್ ಆಫ್’ ಗುಂಡಿಯನ್ನು ಪರದೆಯ ಮೇಲೆ ಸ್ವಲ್ಪ ಹೊತ್ತು ಒತ್ತಿಹಿಡಿದರೆ ಅನೇಕ ಫೋನುಗಳಲ್ಲಿ ‘ಸೇಫ್ ಮೋಡ್’ ಎಂಬ ಆಯ್ಕೆ ಬರುವುದು. ಈ ಸ್ಥಿತಿಯಲ್ಲಿ ಹೊರಗಿನಿಂದ ಹಾಕಿಕೊಂಡ ಆ್ಯಪುಗಳು ಕೆಲಸಮಾಡುವುದಿಲ್ಲ. ಪದೇ ಪದೇ ಬರುತ್ತಿದ್ದ ಸೂಚನೆ ಇಲ್ಲಿ ನಿಂತುಹೋದರೆ, ಹೊರಗಿನಿಂದ ಬಂದ ಯಾವುದೋ ಆ್ಯಪೇ ಅದಕ್ಕೆ ಕಾರಣವೆಂದು ಊಹಿಸಬಹುದು. ಫೋನನ್ನು ಮತ್ತೆ ಪ್ರಾರಂಭಿಸಿದರೆ ಮೊದಲಿನ ಸ್ಥಿತಿಗೆ ಬರುವುದು.

7. ಇನ್ನೂ ಸಂಶಯವಿದ್ದರೆ ಹಲವರ ಅಭಿಪ್ರಾಯವನ್ನು ಪಡೆಯುವುದು. ‘ವೈರಸ್ ಟೋಟಲ್’ ಎಂಬ ಜಾಲತಾಣದಲ್ಲಿ ಒಂದೇ ಕಡತವನ್ನು ಹತ್ತಾರು ಕಂಪನಿಗಳ ಶೋಧಕಗಳಿಂದ ಪರೀಕ್ಷೆ ಮಾಡಿಸಬಹುದು. ಅವುಗಳಲ್ಲಿ ಒಂದೇ ಒಂದು ದೂರಿದರೆ ಹುಸಿಯಾಗಿರುವ ಸಂಭವವುಂಟು; ಅನೇಕವು ದೂರಿದರೆ ಸಂಶಯಕ್ಕೆ ಎಡೆಯಿಲ್ಲ. ಹೊಸದಾಗಿ ಹುಟ್ಟಿದ ಹಾನಿಕಾರಕ ಆ್ಯಪನ್ನು ಮೊದಮೊದಲು ಯಾವ ಶೋಧಕವೂ ಗುರುತಿಸದೆ ಇರಬಹುದಾದ್ದರಿಂದ, ಇದೊಂದನ್ನೇ ನಂಬಿ ತೀರ್ಮಾನಿಸಕೂಡದು. ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ ಮೊದಲಾದ ಸ್ವಂತ ದಾಖಲೆಗಳನ್ನು ಈ ತಾಣಕ್ಕೆ ಹಾಕಕೂಡದು. ಅಲ್ಲಿ ಹಾಕಿದುದನ್ನು ಇತರರೂ ನೋಡಬಹುದು.

ಸಾಮಾನ್ಯವಾಗಿ ಕಾಣುವ ಕೆಲವು ಸೂಚನೆಗಳು

‘ನಿಮ್ಮ ಫೋನಿನಲ್ಲಿ ಇಷ್ಟು ವೈರಸ್‌ಗಳಿವೆ, ಇಷ್ಟು ನಿಮಿಷದೊಳಗಾಗಿ ಶುಚಿಮಾಡಿ’: ಜಾಲತಾಣದ ಪುಟದಲ್ಲಿ ಇಂಥ ಸೂಚನೆ ಕಂಡರೆ ಅದು ಕಪಟವೇ. ಜಾಲತಾಣದ ಪುಟಕ್ಕೆ ಫೋನಿನೊಳಗಿನ ಆ್ಯಪುಗಳನ್ನು ಶೋಧಿಸುವ ಶಕ್ತಿಯಿಲ್ಲ. ಬೀದಿಯಲ್ಲಿ ಹೋಗುವವನು ಮನೆಯ ಹಗೇವಿನಲ್ಲಿ ಎಷ್ಟು ಹುಳುವಿದೆಯೆಂದು ಎಣಿಸಿ ಹೇಳಿದಂತೆ ಇದು. ಪುಟವನ್ನು ಮುಚ್ಚಿದರೆ ಸಾಕು. ಸೂಚನೆಯು ನೋಟಿಫಿಕೇಷನ್ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ, ಹಿಂದೊಮ್ಮೆ ಯಾವುದೋ ತಾಣಕ್ಕೆ ಅರಿಯದೆ ಅನುಮತಿ ಕೊಟ್ಟಿರುವುದು ಕಾರಣವು. ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಷನ್ಸ್’ ಎಂಬುದನ್ನು ತೆರೆದು ಅಪರಿಚಿತ ತಾಣಗಳಿಗೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಕಾಟವು ನಿಲ್ಲುವುದು.

‘ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ’: ಬ್ರೌಸರಿನಲ್ಲಿ ಈ ಸೂಚನೆ ಕಂಡರೆ ಮೊದಲು ಫೋನಿನ ತಾರೀಖು ಮತ್ತು ಗಂಟೆಯನ್ನು ನೋಡತಕ್ಕದ್ದು. ಪ್ರತಿಯೊಂದು ಭದ್ರವಾದ ತಾಣಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯುಳ್ಳ ಪ್ರಮಾಣಪತ್ರವಿರುವುದು. ಫೋನಿನ ತಾರೀಖು ತಪ್ಪಾಗಿದ್ದರೆ ಸರಿಯಾದ ಪ್ರಮಾಣಪತ್ರವೂ ಅವಧಿ ತಪ್ಪಿದಂತೆ ಕಾಣುವುದು. ಸೆಟ್ಟಿಂಗ್ಸ್‌ನಲ್ಲಿ ತಾರೀಖು ಗಂಟೆಗಳನ್ನು ತಾನಾಗಿಯೇ ಸರಿಪಡಿಸಿಕೊಳ್ಳುವಂತೆ ಮಾಡಿದರೆ ಈ ಹುಸಿ ಸೂಚನೆ ಹೋಗುವುದು. ತಾರೀಖು ಸರಿಯಿದ್ದೂ ಬ್ಯಾಂಕಿನ ಅಥವಾ ಹಣಕ್ಕೆ ಸಂಬಂಧಪಟ್ಟ ತಾಣದಲ್ಲಿ ಈ ಸೂಚನೆ ಬಂದರೆ ಮುಂದುವರಿಯಕೂಡದು.

‘ನಿಮ್ಮ ಖಾತೆಗೆ ಹೊಸ ಫೋನಿನಿಂದ ಪ್ರವೇಶ’: ಹೊಸ ಫೋನು ಕೊಂಡಾಗಲೂ, ಮಗನೋ ಮಗಳೋ ಪಟ್ಟಣದಲ್ಲಿ ಅದೇ ಖಾತೆಯನ್ನು ತೆರೆದಾಗಲೂ ಇದು ಬರುವುದು. ಪತ್ರದಲ್ಲಿರುವ ಲಿಂಕನ್ನು ಒತ್ತದೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಗೂಗಲ್ ಖಾತೆಯ ಭದ್ರತೆಯ ಭಾಗದಲ್ಲಿ ಯಾವ ಯಾವ ಸಾಧನಗಳು ಸೇರಿವೆಯೆಂದು ನೋಡತಕ್ಕದ್ದು. ಮನೆಯವರದಲ್ಲದ ಸಾಧನವಿದ್ದರೆ ಅದನ್ನು ಹೊರಹಾಕಿ ಪಾಸ್‌ವರ್ಡನ್ನು ಬದಲಾಯಿಸತಕ್ಕದ್ದು.

‘ಈ ಬಗೆಯ ಕಡತವು ಹಾನಿಕಾರಕವಾಗಿರಬಹುದು’: ಎಪಿಕೆ ಕಡತವನ್ನು ಬ್ರೌಸರಿನಿಂದ ಇಳಿಸಿಕೊಳ್ಳುವಾಗ ಬರುವ ಈ ಮಾತು ಇಂಥ ಕಡತಗಳಿಗೆಲ್ಲ ಸಾಮಾನ್ಯವಾದುದು. ಆ ಕಡತವನ್ನು ಪರೀಕ್ಷಿಸಿ ದೋಷವನ್ನು ಕಂಡು ಹೇಳಿದುದಲ್ಲ; ಹಾಗೆಯೇ ಅದು ನಿರ್ದೋಷವೆಂದು ಹೇಳಿದುದೂ ಅಲ್ಲ. ರೈತರಿಗೆ ಬೇಕಾದ ಆ್ಯಪುಗಳು ಪ್ಲೇ ಸ್ಟೋರಿನಲ್ಲಿ ಸಿಕ್ಕುವಾಗ ಈ ದಾರಿಯನ್ನು ಹಿಡಿಯುವ ಅವಶ್ಯಕತೆಯೇ ಇಲ್ಲ.

ಹುಸಿಯೆಂಬ ನೆಪದಿಂದ ಆಗುವ ಮೋಸ

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ಇಲ್ಲಿಯೇ. ಹುಸಿ ಸೂಚನೆಗಳೂ ಉಂಟೆಂಬುದನ್ನು ಕಳ್ಳರೂ ಬಲ್ಲರು. ಅದನ್ನೇ ಅವರು ಆಯುಧವಾಗಿ ಮಾಡಿಕೊಂಡಿದ್ದಾರೆ.

ಪಿಎಂ ಕಿಸಾನ್ ಪಟ್ಟಿ, ವಾಹನದ ದಂಡದ ಚೀಟಿ, ಬ್ಯಾಂಕಿನ ಕೆವೈಸಿ, ಮದುವೆಯ ಆಮಂತ್ರಣ ಮೊದಲಾದ ಹೆಸರುಗಳಿಂದ ಎಪಿಕೆ ಕಡತಗಳನ್ನು ವಾಟ್ಸ್‌ಆ್ಯಪಿನಲ್ಲಿ ಹರಡಿ ಮೋಸಮಾಡುತ್ತಿರುವ ಬಗ್ಗೆ ದೇಶದ ಅನೇಕ ಕಡೆಗಳಲ್ಲಿ ಪೋಲೀಸಿನವರು ಎಚ್ಚರಿಕೆ ಕೊಟ್ಟಿದ್ದಾರೆ. ಒಬ್ಬ ರೈತನಿಗೆ, ಕಂತಿನ ಹಣ ಬರಬೇಕಾದ ವೇಳೆಯಲ್ಲಿ, ಪರಿಚಿತನ ನಂಬರಿನಿಂದಲೇ ಇಂಥ ಕಡತ ಬಂದಿತೆಂದು ಇಟ್ಟುಕೊಳ್ಳಬಹುದು. ಅದನ್ನು ಹಾಕಿಕೊಳ್ಳಲು ಹೋದಾಗ ಪ್ಲೇ ಪ್ರೊಟೆಕ್ಟ್ ತಡೆಯುವುದು. ಅಷ್ಟರಲ್ಲಿ ಫೋನು ಮಾಡಿದವನೊಬ್ಬನು, ‘ಯಜಮಾನರೇ, ಅದು ಎಲ್ಲ ಫೋನುಗಳಲ್ಲಿಯೂ ಸುಮ್ಮನೆ ಬರುತ್ತೆ, ಗಾಬರಿಯಾಗಬೇಡಿ. ಪ್ಲೇ ಪ್ರೊಟೆಕ್ಟನ್ನು ಆಫ್ ಮಾಡಿ, ಆಮೇಲೆ ಹಾಕಿಕೊಳ್ಳಿ’ ಎನ್ನುವನು. ರೈತನು ಹಾಗೆಯೇ ಮಾಡುವನು. ಆ್ಯಪು ಎಸ್ಎಂಎಸ್ ಓದುವ ಅನುಮತಿಯನ್ನು ಕೇಳುವುದು, ಅದನ್ನೂ ಕೊಡುವನು. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿಯು ಕಳ್ಳನಿಗೂ ಕಾಣುವುದು. ಪರಿಚಿತನ ನಂಬರಿನಿಂದ ಬಂದುದೂ ಆಶ್ಚರ್ಯವಲ್ಲ. ಅವನ ಫೋನು ಈ ಮೊದಲೇ ಕಳ್ಳರ ವಶವಾಗಿದ್ದು, ಅವನಿಗೆ ಅರಿವಿಲ್ಲದೆಯೇ ಅಲ್ಲಿಂದ ಕಡತವು ಎಲ್ಲರಿಗೂ ಹೋಗಿರಬಹುದು.

ಆದುದರಿಂದ, ಸೂಚನೆ ಹುಸಿಯೆಂಬ ತೀರ್ಮಾನವು ಪರೀಕ್ಷೆಯಿಂದ ಬರತಕ್ಕದ್ದೇ ಹೊರತು, ಆ್ಯಪನ್ನು ಕೊಟ್ಟವನ ಮಾತಿನಿಂದ ಬರತಕ್ಕದ್ದಲ್ಲ. ದನವನ್ನು ಮಾರುವವನೇ ಅದರ ಹಲ್ಲು ಸುಳಿಗಳಿಗೆ ಸಾಕ್ಷಿ ಹೇಳಿದರೆ ಕೊಳ್ಳುವವನು ಒಪ್ಪುವುದಿಲ್ಲವಷ್ಟೆ. ಕಾವಲನ್ನು ತೆಗೆದುಬಿಡಿರೆಂದು ಹೇಳುವವನು ಎಷ್ಟೇ ಮರ್ಯಾದೆಯಿಂದ ಮಾತನಾಡಿದರೂ, ಯಾವ ಇಲಾಖೆಯ ಹೆಸರನ್ನು ಹೇಳಿದರೂ, ಅಲ್ಲಿಗೇ ಮಾತನ್ನು ನಿಲ್ಲಿಸುವುದು ಕ್ಷೇಮ.

ಈ ಕೆಳಕಂಡ ನಾಲ್ಕು ಅಂಶಗಳೂ ಕೂಡಿದ್ದರೆ ಮಾತ್ರ ಸೂಚನೆಯನ್ನು ಹುಸಿಯೆಂದು ಭಾವಿಸಬಹುದು: ಆ್ಯಪು ಫೋನಿನೊಡನೆ ಬಂದುದು ಅಥವಾ ಪ್ಲೇ ಸ್ಟೋರಿನಿಂದ ತಂದುದಾಗಿರಬೇಕು, ಅದನ್ನು ತಯಾರಿಸಿದವರ ಹೆಸರು ಸರಿಯಾಗಿರಬೇಕು, ಅದು ಕೇಳಿದ ಅನುಮತಿಗಳು ಕೆಲಸಕ್ಕೆ ತಕ್ಕುವಾಗಿರಬೇಕು, ಎರಡನೆಯ ಶೋಧನೆಯಲ್ಲಿ ದೋಷ ಕಾಣದಿರಬೇಕು. ಹಾಗಿದ್ದಾಗಲೂ ಫೋನಿನ ತಂತ್ರಾಂಶವನ್ನೂ ಆ ಆ್ಯಪನ್ನೂ ಹೊಸದಕ್ಕೆ ಬದಲಾಯಿಸಿಕೊಂಡು, ಎರಡು ಮೂರು ದಿನ ಆ್ಯಪನ್ನು ಬಳಸದೆ ಕಾದುನೋಡುವುದು ಲೇಸು. ನಾಲ್ಕರಲ್ಲಿ ಒಂದು ತಪ್ಪಿದರೂ ಸೂಚನೆಯನ್ನು ನಿಜವೆಂದೇ ಎಣಿಸತಕ್ಕದ್ದು. ತೆಗೆದುಹಾಕಿದ ಆ್ಯಪನ್ನು ಮತ್ತೆ ಹಾಕಿಕೊಳ್ಳಬಹುದು. ಖಾತೆಯಿಂದ ಹೋದ ಹಣವು ಹಿಂದಕ್ಕೆ ಬರುವುದು ಅಷ್ಟು ಸುಲಭವಲ್ಲ.

ಹಾನಿಯಾಗಿರುವುದೆಂದು ತೋರಿದಾಗ

ಸಂಶಯಾಸ್ಪದವಾದ ಆ್ಯಪನ್ನು ಈಗಾಗಲೇ ಹಾಕಿಕೊಂಡಿದ್ದರೆ ಕೂಡಲೇ ಫೋನನ್ನು ‘ಏರೋಪ್ಲೇನ್ ಮೋಡ್’ ಎಂಬ ಸ್ಥಿತಿಗೆ ತಂದು, ವೈಫೈಯನ್ನೂ ನಿಲ್ಲಿಸತಕ್ಕದ್ದು. ಇದರಿಂದ ಕಳ್ಳನಿಗೂ ಫೋನಿಗೂ ಇರುವ ಸಂಪರ್ಕವು ಕಡಿಯುವುದು. ಅನಂತರ ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯಿಂದ ಹಣ ಹೋಗದಂತೆ ತಡೆಹಿಡಿಸತಕ್ಕದ್ದು. ಬ್ಯಾಂಕಿನ ನಂಬರನ್ನು ಪಾಸ್ ಪುಸ್ತಕದಿಂದಲೋ ಎಟಿಎಂ ಕಾರ್ಡಿನ ಹಿಂಭಾಗದಿಂದಲೋ ತೆಗೆದುಕೊಳ್ಳತಕ್ಕದ್ದು.

ಹಣವು ಹೋಗಿದ್ದರೆ ತಡಮಾಡದೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಫೋನು ಮಾಡಿ ದೂರು ಕೊಡತಕ್ಕದ್ದು. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ಸರ್ಕಾರದ ತಾಣದಲ್ಲಿಯೂ ದೂರನ್ನು ದಾಖಲುಮಾಡಬಹುದು. ಹಣವು ಕಳ್ಳನ ಖಾತೆಯಿಂದ ಮುಂದಕ್ಕೆ ಸಾಗುವುದರೊಳಗಾಗಿ ತಿಳಿಸಿದರೆ ಅದನ್ನು ಅಲ್ಲಿಯೇ ತಡೆಹಿಡಿಯುವ ಸಾಧ್ಯತೆಯುಂಟು. ಒಡೆದ ಕೆರೆಯ ಕಟ್ಟೆಗೆ ಮಣ್ಣು ಹಾಕುವುದರಲ್ಲಿ ಹೇಗೋ ಹಾಗೆ, ಇದರಲ್ಲಿಯೂ ಮೊದಲ ಗಳಿಗೆಗಳೇ ಮುಖ್ಯವು. ನಾಚಿಕೆಯಿಂದ ಮುಚ್ಚಿಡುವುದು ನಷ್ಟವನ್ನು ಹೆಚ್ಚಿಸುವುದು.

ಆಮೇಲೆ ಆ್ಯಪನ್ನು ತೆಗೆದುಹಾಕತಕ್ಕದ್ದು. ತೆಗೆಯಲು ಬಾರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್’ ಎಂಬ ಅಧಿಕಾರವನ್ನೂ ಆಕ್ಸೆಸಿಬಿಲಿಟಿ ಅನುಮತಿಯನ್ನೂ ಮೊದಲು ಹಿಂದಕ್ಕೆ ತೆಗೆದುಕೊಂಡು, ಅಥವಾ ಸೇಫ್ ಮೋಡಿಗೆ ಹೋಗಿ ತೆಗೆಯಬಹುದು. ಬರುವ ಕರೆಗಳನ್ನು ಕಳ್ಳರು ತಮ್ಮ ನಂಬರಿಗೆ ತಿರುಗಿಸಿಕೊಂಡಿರಬಹುದಾದ್ದರಿಂದ ##002# ಎಂದು ಒತ್ತಿ ಕರೆಮಾಡಿ ಆ ಏರ್ಪಾಡನ್ನು ರದ್ದುಮಾಡತಕ್ಕದ್ದು. ಬ್ಯಾಂಕಿನ ಪಿನ್ ಮತ್ತು ಪಾಸ್‌ವರ್ಡುಗಳನ್ನು ಶುದ್ಧವಾದ ಬೇರೊಂದು ಫೋನಿನಿಂದ ಬದಲಾಯಿಸತಕ್ಕದ್ದು. ಇಷ್ಟರಿಂದಲೂ ಸಂಶಯ ಹೋಗದಿದ್ದರೆ ಮಾತ್ರ, ಛಾಯಾಚಿತ್ರಗಳನ್ನೂ ನಂಬರುಗಳನ್ನೂ ಬೇರೆಡೆ ಇಟ್ಟುಕೊಂಡು, ಫೋನನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ಪ್ರಾರಂಭಿಸತಕ್ಕದ್ದು. ಕೇಂದ್ರ ಸರ್ಕಾರದ ವತಿಯಿಂದ 2017ರಲ್ಲಿ ಸ್ಥಾಪಿತವಾದ ಸೈಬರ್ ಸ್ವಚ್ಛತಾ ಕೇಂದ್ರದವರು ಫೋನುಗಳನ್ನು ಶುಚಿಮಾಡುವ ಸಾಧನಗಳನ್ನು ಉಚಿತವಾಗಿ ಒದಗಿಸುವರು.

ಗ್ರಾಮದ ಮುಖಂಡರು ಮಾಡಬಹುದಾದುದು

ಹಳ್ಳಿಯಲ್ಲಿ ಕಷ್ಟ ಬಂದಾಗ ಜನರು ಮೊದಲು ಬರುವುದು ಮುಖಂಡರ ಮನೆಯ ಜಗುಲಿಗೆ. ಆದುದರಿಂದ ಇವರು ಕೆಲವು ನಿಯಮಗಳನ್ನು ತಾವೂ ಪಾಲಿಸಿ ಇತರರಿಂದಲೂ ಪಾಲಿಸಿಸುವುದು ಉಚಿತವು.

ಯೋಜನೆಗಳ ಹೆಸರಿನಲ್ಲಿ ಬಂದ ಕಡತವನ್ನಾಗಲಿ ಲಿಂಕನ್ನಾಗಲಿ ವಿಚಾರಿಸದೆ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಕೂಡದು. ಮುಖಂಡರು ಕಳುಹಿಸಿದರೆಂಬ ಒಂದೇ ನಂಬಿಕೆಯಿಂದ ಹತ್ತು ಮನೆಯವರು ಅದನ್ನು ತೆರೆಯುವರು. ಸಂಶಯ ಬಂದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿಯೋ ಗ್ರಾಮ ಪಂಚಾಯತಿಯಲ್ಲಿಯೋ ಖುದ್ದಾಗಿ ವಿಚಾರಿಸತಕ್ಕದ್ದು.

ಸಹಾಯ ಕೇಳಿ ಬಂದವರ ಫೋನನ್ನು ಅವರ ಕೈಯಲ್ಲಿಯೇ ಇರಿಸಿ, ಅವರಿಂದಲೇ ಗುಂಡಿಗಳನ್ನು ಒತ್ತಿಸತಕ್ಕದ್ದು. ಅವರ ಪಿನ್ ಅಥವಾ ಒಟಿಪಿಯನ್ನು ಕೇಳಕೂಡದು, ಬರೆದಿಟ್ಟುಕೊಳ್ಳಕೂಡದು. ಇದರಿಂದ ಮುಂದೆ ಅಪವಾದಕ್ಕೂ ಎಡೆಯಿರುವುದಿಲ್ಲ.

ಒಂದು ಸಣ್ಣ ಪುಸ್ತಕವನ್ನಿಟ್ಟು, ಸೂಚನೆ ಬಂದ ತಾರೀಖು, ಅದರ ಮಾತುಗಳು, ಯಾವ ಆ್ಯಪಿನಿಂದ ಬಂದಿತು, ಪರೀಕ್ಷೆಯಲ್ಲಿ ಕಂಡುದೇನು, ಕೊನೆಗೆ ನಿಜವಾಯಿತೋ ಹುಸಿಯಾಯಿತೋ ಎಂಬುದನ್ನು ಬರೆದಿಡುವುದು ಬಹಳ ಉಪಯುಕ್ತವು. ಒಂದೇ ವಾರದಲ್ಲಿ ಮೂರು ನಾಲ್ಕು ಮನೆಗಳಿಗೆ ಒಂದೇ ಬಗೆಯ ಕಡತ ಬಂದುದು ಪುಸ್ತಕದಿಂದ ಕಂಡುಬಂದರೆ, ಐದನೆಯ ಮನೆಯವರನ್ನು ಮುಂಚಿತವಾಗಿಯೇ ಎಚ್ಚರಿಸಬಹುದು.

ಸಾರಾಂಶ

ಸೂಚನೆ ಕಂಡೊಡನೆ ಅದರೊಳಗಿನ ಗುಂಡಿಯನ್ನು ಒತ್ತಕೂಡದು. ಯಾರು ಹೇಳಿದುದೆಂಬುದನ್ನು ಮೊದಲು ತಿಳಿಯತಕ್ಕದ್ದು. ಸೂಚನೆ ತೋರಿಸಿದ ದಾರಿಯನ್ನು ಬಿಟ್ಟು ಸ್ವಂತ ದಾರಿಯಿಂದ ಶೋಧನೆ ಮಾಡಿಸತಕ್ಕದ್ದು. ಆ್ಯಪು ಬಂದ ಮೂಲವನ್ನೂ ಅದು ಕೇಳಿದ ಅನುಮತಿಗಳನ್ನೂ ನೋಡತಕ್ಕದ್ದು. ಆ್ಯಪನ್ನು ಕೊಟ್ಟವನ ಮಾತಿನ ಮೇಲೆ ಕಾವಲನ್ನು ಎಂದಿಗೂ ತೆಗೆಯಕೂಡದು. ಹಣ ಹೋದರೆ ಬ್ಯಾಂಕಿಗೂ 1930ಕ್ಕೂ ಕೂಡಲೇ ತಿಳಿಸತಕ್ಕದ್ದು. ಈ ಆರು ಮಾತುಗಳನ್ನು ಪಂಚಾಯತಿಯ ಕಟ್ಟೆಯಲ್ಲಿಯೂ ಹಾಲಿನ ಡೇರಿಯಲ್ಲಿಯೂ ಜನರಿಗೆ ಕಾಣುವಂತೆ ಬರೆಸಿ ಹಾಕಿದರೆ, ಓದಬಲ್ಲವರು ಓದಲಾರದವರಿಗೆ ತಿಳಿಸಿಕೊಡುವರು.